ಟ್ಯೂಬ್‌ಲೈಟ್ ಸದ್ದು ಮಾಡುತ್ತಿತ್ತಂತೆ

"ಅಂಕಲ್, ಇಲ್ಲೊಂದು ಟ್ಯೂಬ್‌ಲೈಟ್ ಉಳ್ಕೊಂಡಿದೆ. ಇದನ್ನೂ ಬಿಚ್ಕೊಂಡು ಹೋಗಿ."

ಪಟಾಕಿ ಹೀಗೆ ಕೂಗಿದ್ದು ಪುಟ್ಟಿಯ ಬೆನ್ನ ಹಿಂದಿನಿಂದ. ಗೋಡೆಯ ಪಕ್ಕ ಸಾಲಾಗಿ ನಿಂತಿದ್ದ ಕ್ಲಾಸಿನವರೆಲ್ಲ ನಕ್ಕರು. ಪುಟ್ಟಿ ಎಲ್ಲರ ಮುಖ ಒಮ್ಮೆ ನೋಡಿ, ಆಮೇಲೆ ತಾನೂ ನಕ್ಕಳು. ಅವಳು ನಕ್ಕಿದ್ದು ಕಂಡು ಎಲ್ಲರೂ ಇನ್ನೊಂದು ಸಲ ನಕ್ಕರು.

ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಮಾತ್ರ ನಗಲಿಲ್ಲ. ಅವರ ಬಾಯಲ್ಲಿ ಎರಡು ಸ್ಕ್ರೂ ಇದ್ದವು.

ಪುಟ್ಟಿ ಅನ್ನುವುದು ಮನೆಯ ಹೆಸರು. ಸ್ಕೂಲಿನಲ್ಲಿ ಅವಳು ಟ್ಯೂಬ್‌ಲೈಟ್. ಸ್ವಿಚ್ ಹಾಕಿದ ಕೂಡಲೇ ಟ್ಯೂಬ್‌ಲೈಟ್ ಹತ್ತುವುದಿಲ್ಲ. ಮಿಣಕ್ ಮಿಣಕ್ ಎಂದು, ಹತ್ತಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಹತ್ತುತ್ತದೆ. ಪುಟ್ಟಿಗೆ ಮಾತು ಹತ್ತುವುದೂ ಹಾಗೆಯೇ ಎಂದು ಆ ಹೆಸರು ಇಟ್ಟವನು ಪಟಾಕಿ. ಅವನಿಗೆ ಪಟಾಕಿ ಎಂಬ ಹೆಸರು ಬಂದದ್ದು ಅವನ ಬಾಯಿಯಿಂದ.

ಕಳೆದ ವರ್ಷ ಮಿಸ್, "ಈ ನದಿ ಎಲ್ಲಿ ಹುಟ್ಟುತ್ತೆ?" ಎಂದು ಕೇಳಿದ್ದರು. ಪುಟ್ಟಿ ಎದ್ದು ನಿಂತು, "ಆಸ್ಪತ್ರೇಲಿ ಮಿಸ್" ಅಂದಿದ್ದಳು. ಅವಳಿಗೆ ಗೊತ್ತಾಗಿದ್ದು 'ಎಲ್ಲಿ ಹುಟ್ಟುತ್ತೆ' ಅನ್ನುವುದಷ್ಟೇ. ಆ ಕತೆ ಕೇಳಿ ಅಮ್ಮ ಕೂಡ ನಕ್ಕಿದ್ದಳು.

"ಮನೇಲೂ ಹಾಗೇ ಇವಳು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ," ಎಂದು ಪಕ್ಕದ ಮನೆಯವರಿಗೆ ಹೇಳಿದ್ದಳು.

ನಿನ್ನೆ ಮಿಸ್ ಕ್ಲಾಸಿಗೆ ಬಂದು, "ನಾಳೆಯಿಂದ ನಮ್ಮ ರೂಮಲ್ಲಿ ಟ್ಯೂಬ್‌ಲೈಟೇ ಇರಲ್ಲ. ಎಲ್‌ಇಡಿ ಹಾಕ್ತಾರೆ. ಬೆಳಕು ಜಾಸ್ತಿ, ಕರೆಂಟ್ ಕಮ್ಮಿ," ಅಂದಿದ್ದರು. ಪುಟ್ಟಿ ಅದನ್ನೇ ಯೋಚಿಸುತ್ತ ಮನೆಗೆ ಹೋಗಿದ್ದಳು. ಟ್ಯೂಬ್‌ಲೈಟೇ ಇಲ್ಲದ ರೂಮಿನಲ್ಲಿ ಆ ಹೆಸರು ಇನ್ನು ಯಾಕಿರುತ್ತದೆ? ಇವತ್ತು ಹೊಸ ರಿಬ್ಬನ್ ಕಟ್ಟಿಸಿಕೊಂಡು ಬಂದಿದ್ದಳು.

ಎಲೆಕ್ಟ್ರಿಷಿಯನ್ ಈಗ ಕೊನೆಯ ಲೈಟಿಗೆ ಕೈ ಹಾಕಿದ್ದರು. ಅದು ಪುಟ್ಟಿಯ ಬೆಂಚಿನ ಮೇಲಿನದು, ದಿನವಿಡೀ ಕಣ್ಣು ಮಿಟುಕಿಸುತ್ತಿದ್ದದ್ದು. ಚಾವಣಿಯೊಳಗೆ ಹುದುಗಿದ್ದ ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಜೊತೆಗೆ ಒಂದು ಹಿಡಿ ಧೂಳು, ಒಣಗಿದ ನೊಣಗಳು. ಖಾಲಿ ಜಾಗಕ್ಕೆ ಚಪ್ಪಟೆಯಾದ ಬಿಳಿ ಪ್ಯಾನೆಲ್ ಕೂತಿತು.

ಸ್ವಿಚ್ ಹಾಕಿದರು. ಮಿಣಕ್ ಅನ್ನಲೇ ಇಲ್ಲ. ಒಮ್ಮೆಲೇ ಬೆಳಕು.

ಎಲ್ಲರೂ ಬೆಂಚಿಗೆ ಮರಳಿದರು. ಎಲೆಕ್ಟ್ರಿಷಿಯನ್ ಹಳೆಯ ಸಾಮಾನು ಕಟ್ಟುತ್ತಿದ್ದಾಗಲೇ ಮಿಸ್ ಪಾಠ ಶುರು ಮಾಡಿದರು. ಹೊಸ ಬೆಳಕಿನಲ್ಲಿ ಅವರ ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಒಂದೊಂದು ಮಾತಿಗೂ ತುಟಿ ಹೇಗೆ ಅಲುಗುತ್ತದೆ ಎಂದು ಕೂಡ ಕಾಣುತ್ತಿತ್ತು.

"ಎಲ್ಲಕ್ಕಿಂತ ದೊಡ್ಡ ಗ್ರಹ ಯಾವುದು?"

"ಗುರು, ಮಿಸ್," ಅಂದಳು ಪುಟ್ಟಿ, ಎಲ್ಲರಿಗಿಂತ ಮೊದಲು.

"ಭೇಷ್," ಅಂದರು ಮಿಸ್. ಪುಟ್ಟಿ ಹಿಂದೆ ತಿರುಗಿ ಪಟಾಕಿಯನ್ನು ನೋಡಿದಳು.

ಮಿಸ್ ಬೋರ್ಡಿನ ಕಡೆ ತಿರುಗಿ, ಬರೆಯುತ್ತಲೇ ಇನ್ನೇನೋ ಕೇಳಿದರು. ಪುಟ್ಟಿಗೆ ಅವರ ಜಡೆ ಕಂಡಿತು. ಮಾತು ಕಾಣಲಿಲ್ಲ. ಪಕ್ಕದವಳು ಮೊಣಕೈಯಿಂದ ತಿವಿದಾಗ, ತನ್ನನ್ನೇ ಕೇಳಿದ್ದು ಎಂದು ಗೊತ್ತಾಯಿತು.

"ಹಾಂ?"

"ಲೈಟ್ ಎಲ್ಲ ಚೇಂಜ್ ಆಯ್ತು ಮಿಸ್," ಅಂದ ಪಟಾಕಿ. "ಇವಳದ್ದು ಚೋಕೇ ಹೋಗಿದೆ."

ಹೊಸ ಬೆಳಕಿನಲ್ಲಿ ನಗುವ ಬಾಯಿಗಳೂ ಚೆನ್ನಾಗಿ ಕಾಣುತ್ತಿದ್ದವು.

"ಸಾಕು ನಗು," ಎಂದು ಮಿಸ್ ಗದರಿದರು. ಹೊರಡಲು ನಿಂತ ಎಲೆಕ್ಟ್ರಿಷಿಯನ್ ಪುಟ್ಟಿಯ ಬೆಂಚಿನ ಮುಂದೆ ಬಂದು, ಗಟ್ಟಿ ದನಿಯಲ್ಲಿ ಅಂದರು: "ರೂಮು ಎಷ್ಟು ಸೈಲೆಂಟ್ ಆಯ್ತು ನೋಡಿ ಮಿಸ್. ಹಳೇವು ಗುಂಯ್ ಗುಂಯ್ ಅಂತ ತಲೆ ತಿಂತಿದ್ವು."

"ಅಯ್ಯೋ, ಅದನ್ನ ಯಾಕೆ ಕೇಳ್ತೀರಿ? ಮನೆಗೆ ಹೋದ್ರೂ ಕಿವೀಲಿ ಅದೇ ಗುಂಯ್."

ಪಟಾಕಿ ಬಾಯಿ ಮುಚ್ಚಿಕೊಂಡೇ ಆ ಸದ್ದು ಮಾಡಿ ತೋರಿಸಿದ. ಇಡೀ ಕ್ಲಾಸು ಮಾಡಿತು.

ಪುಟ್ಟಿ ಪಕ್ಕದವಳನ್ನು ಕೇಳಿದಳು: "ಯಾವುದೇ ಅದು?"

"ಟ್ಯೂಬ್‌ಲೈಟ್ ಸದ್ದು ಕಣೇ. ನಿನ್ನ ತಲೆ ಮೇಲಿನದ್ದೇ ಎಲ್ಲಕ್ಕಿಂತ ಜೋರು. ನಿಂಗೆ ಕೇಳಿಸ್ತಿರ್ಲಿಲ್ವಾ?"

"ಕೇಳಿಸ್ತಿತ್ತಪ್ಪ," ಅಂದಳು ಪುಟ್ಟಿ. ಆಮೇಲೆ ಅವಳೂ ತುಟಿ ಮುಚ್ಚಿಕೊಂಡು ಗುಂಯ್ ಅಂದಳು. ಅಷ್ಟರಲ್ಲಿ ಉಳಿದವರೆಲ್ಲ ನಿಲ್ಲಿಸಿದ್ದರು.

ಸಂಜೆ ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಪುಟ್ಟಿ ಬ್ಯಾಗು ಕೂಡ ಇಳಿಸದೆ ಫ್ರಿಜ್ಜಿನ ಮುಂದೆ ನಿಂತಳು.

"ಅಮ್ಮಾ, ನಮ್ಮ ಫ್ರಿಜ್ ಸದ್ದು ಮಾಡುತ್ತಾ?"

ಅಮ್ಮ ಅತ್ತ ತಿರುಗಿಯೇ ಏನೋ ಹೇಳಿದಳು. ಅವಳ ಭುಜ ಅಲುಗಿತು.

"ಹಾಂ?"

"ಒಂದು ಮಾತನ್ನ ಎಷ್ಟು ಸಲ ಹೇಳ್ಬೇಕೇ ನಿಂಗೆ?" ಅಮ್ಮ ಈಗ ಇತ್ತ ತಿರುಗಿದಳು. "ಮಾಡುತ್ತೆ. ಈಗ್ಲೂ ಮಾಡ್ತಾನೇ ಇದೆಯಲ್ಲ, ಒಳ್ಳೇ ಲಾರಿ ನಿಂತ ಹಾಗೆ. ಇದರ ಕಾಟಕ್ಕೆ ನಂಗೆ ನಿದ್ದೆ ಇಲ್ಲ."

ಪುಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಅಂಗೈ ಇಟ್ಟಳು. ಅದು ನಡುಗುತ್ತಿತ್ತು. ಕೆನ್ನೆ ಇಟ್ಟಳು, ಆಮೇಲೆ ಕಿವಿಯನ್ನೇ ಒತ್ತಿ ಹಿಡಿದಳು. ಎಲ್ಲೋ ದೂರದಲ್ಲಿ, ಗುಂಯ್.

ಹೌದು, ಮಾಡುತ್ತಿತ್ತು. ಯಾವಾಗಲೂ ಮಾಡುತ್ತಿತ್ತೇನೋ. ಮಿಸ್ಸಿನ ಮಾತು, ಪಟಾಕಿಯ ಜೋಕು, ಆ ನದಿ, ಯಾವುದೂ ಅವಳಿಗೆ ತಡವಾಗಿ ಹತ್ತುತ್ತಿರಲಿಲ್ಲ. ಅವು ಅವಳ ಹತ್ತಿರ ಬಂದೇ ಇರಲಿಲ್ಲ.

ಬೆನ್ನ ಹಿಂದಿನಿಂದ ಅಮ್ಮ, "ಪುಟ್ಟಿ," ಎಂದಳು. ಚಾಕು ಕೆಳಗಿಟ್ಟು, "ಪುಟ್ಟಿ," ಎಂದಳು ಇನ್ನೊಂದು ಸಲ.

ಪುಟ್ಟಿ ತಿರುಗಿದ್ದು ಎಷ್ಟೋ ಹೊತ್ತಿನ ಮೇಲೆ, ತಾನಾಗಿಯೇ. ಅಮ್ಮ ಅವಳನ್ನೇ ನೋಡುತ್ತ ನಿಂತಿದ್ದಳು. ಬಾಯಿ ಅರ್ಧ ತೆರೆದಿತ್ತು.

ಟ್ಯೂಬ್‌ಲೈಟ್ ಹತ್ತುವುದನ್ನು ಪುಟ್ಟಿ ದಿನವೂ ನೋಡಿದವಳು. ಅಮ್ಮನ ಮುಖದಲ್ಲಿ ಅದು ಮೆಲ್ಲಗೆ ಹತ್ತುವವರೆಗೂ ಅವಳು ಕಾದಳು.