ನಕ್ಷೆಯ ಕೆಂಪು ಚುಕ್ಕೆ

ನಕ್ಷೆಯಲ್ಲಿ ತಾನು ಗುರುತಿಸಿದ್ದ ಕೆಂಪು ಚುಕ್ಕೆ ಮಾಯವಾಗಿದ್ದನ್ನು ನೋಡಿ ನೀಲಾಗೆ ಪಿತ್ತ ನೆತ್ತಿಗೇರಿತು. ಅಳಿಸಿದವನು ಡಬ್ಲಿನ್ನಿನ ಸ್ಯಾಂಡಿಫರ್ಡ್ ಆಫೀಸಿನಲ್ಲಿ ಕೂತು ನಕ್ಷೆ ತಯಾರಿಸುವ ಮಯೂರ್. ಇಷ್ಟು ದಿನ ಫೋನಿನಲ್ಲೇ ಮಾತಾಡಿದ್ದ ಮೈಸೂರಿನ ಹುಡುಗ. ದನಿ ಚೆನ್ನಾಗಿದೆ ಎಂದು ಒಳಗೊಳಗೇ ಒಪ್ಪಿಕೊಂಡಿದ್ದಳು. ಈಗ ಆ ದನಿಯ ಮೇಲೂ ಸಿಟ್ಟು ಬಂತು.

"ಡ್ರೋನ್ ಚಿತ್ರದಲ್ಲಿ ಅಲ್ಲಿ ಬಿಸಿನೇ ಇಲ್ಲ. ನಿಮ್ಮ ಮೀಟರ್ ಕೆಟ್ಟಿರ್ಬೇಕು ಅಂದ್ಕೊಂಡೆ," ಎಂದ ಫೋನಿನಲ್ಲಿ.

"ಕೆಟ್ಟಿಲ್ಲ. ನಾಳೆ ಗುಡ್ಡದ ಹತ್ರ ಬನ್ನಿ. ಬಂದು ಈ ಮಾತು ಹೇಳಿ."

ಬಂದ. ಮುಚ್ಚಿಹೋದ ಕಲ್ಲಿದ್ದಲು ಗಣಿಯಿಂದ ಅಗೆದು ಸುರಿದ ಕಸವೇ ಅಲ್ಲಿ ಗುಡ್ಡವಾಗಿತ್ತು. ಅದರೊಳಗೆ ಉಳಿದ ಕಲ್ಲಿದ್ದಲಿಗೆ ಬೆಂಕಿ ಹತ್ತಿ, ಹೊಗೆಯೂ ಕಾಣದಂತೆ ಉರಿಯುತ್ತಿತ್ತು. ಎಲ್ಲೆಲ್ಲಿ ಉರಿಯುತ್ತಿದೆ ಎಂದು ಗುರುತಿಸುವುದು ಇವರ ಕೆಲಸ. ಶನಿವಾರ ಊರಿನ ಕೌನ್ಸಿಲ್ ಈ ಗುಡ್ಡದ ಮೇಲೆ ವಾಕಿಂಗ್ ಟ್ರ್ಯಾಕ್ ತೆರೆಯುವುದಿತ್ತು. ಊರಿನ ಶಾಲೆಯ ಮಕ್ಕಳೇ ಮೊದಲು ನಡೆಯುವವರು. ಮೇಲಿನ ಮಣ್ಣು ಕುಸಿದರೆ ಕಾಲು ನೇರ ಕೆಂಡಕ್ಕೆ.

ನೀಲಾ ಉದ್ದನೆಯ ಥರ್ಮಾಮೀಟರ್ ಸರಳನ್ನು ನೆಲಕ್ಕೆ ಇಳಿಸಿದಳು. "ಮೇಲೆ ಒದ್ದೆ ಜೇಡಿಮಣ್ಣು ಹಾಕಿದಾರೆ. ಕಂಬಳಿ ಹೊದ್ದು ಮಲಗಿದವ್ರ ಜ್ವರ, ಕಂಬಳಿ ಮುಟ್ಟಿದ್ರೆ ಗೊತ್ತಾಗತ್ತಾ?"

ಅಂಕಿ ಏರುತ್ತಾ ನೂರು ದಾಟಿತು. ಮಯೂರ್ ಅದನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಸೋತವನ ಮುಖದಲ್ಲಿ ಅಷ್ಟು ಖುಷಿ ಇರಬಾರದಿತ್ತು. ಅವಳ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

"ತಪ್ಪು ನಂದೇ. ಆದ್ರೂ ಅಷ್ಟು ಕೋಪದಲ್ಲೂ 'ಬನ್ನಿ' ಅಂದ್ರಲ್ಲ."

"ಇನ್ಮೇಲೆ 'ಬಾ' ಅಂತೀನಿ. ಹೆದರ್ಕೋಬೇಡ."

ಮಧ್ಯಾಹ್ನ ಮ್ಯಾನೇಜರ್ ಡೆಕ್ಲನ್ ಫೋನ್ ಮಾಡಿದ. ಮೇಲೆ ತಣ್ಣಗಿದ್ದರೆ ಎಲ್ಲ ಗ್ರ್ಯಾಂಡ್, ಏನೂ ತೊಂದರೆಯಿಲ್ಲ, ಚುಕ್ಕೆಯಿಲ್ಲದ ನಕ್ಷೆಯನ್ನೇ ಕೌನ್ಸಿಲ್‌ಗೆ ಕಳಿಸಿ ಎಂದ. ನೀಲಾಳ ವರ್ಕ್ ಪರ್ಮಿಟ್ ಕಂಪನಿಯ ಕೈಯಲ್ಲಿದೆ ಎಂಬುದನ್ನೂ ನಯವಾಗಿ ನೆನಪಿಸಿದ.

ನೀಲಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಬೇಕಿದ್ದರೆ ನನ್ನನ್ನು ತೆಗೆಯಿರಿ, ಚುಕ್ಕೆಯನ್ನು ತೆಗೆಯುವುದಿಲ್ಲ.

ಫೋನ್ ಇಡುವಷ್ಟರಲ್ಲಿ ಮಯೂರ್ ಲ್ಯಾಪ್‌ಟಾಪ್ ತೆರೆದು, ಚುಕ್ಕೆಯನ್ನು ಮತ್ತೆ ಇಟ್ಟು, ಅವಳ ಹೆಸರಿನ ಪಕ್ಕ ತನ್ನದನ್ನೂ ಸೇರಿಸಿ, ನಕ್ಷೆಯನ್ನು ಕೌನ್ಸಿಲ್‌ಗೆ ಕಳಿಸಿಬಿಟ್ಟಿದ್ದ.

"ನಿನ್ ಪರ್ಮಿಟ್ಟೂ ಅವ್ರ ಕೈಯಲ್ಲೇ ಇದೆ ಅಲ್ವೇನೋ?"

"ಇದೆ. ಆದ್ರೆ ನಿನ್ ಹೆಸ್ರು ಒಂಟಿಯಾಗಿರೋದು ನೋಡಕ್ಕಾಗ್ಲಿಲ್ಲ."

ಶನಿವಾರ ಗುಡ್ಡದ ಗೇಟಿಗೆ ಬೀಗ ಬಿತ್ತು. ಸೋಮವಾರ ಇಬ್ಬರ ಕೆಲಸವೂ ಹೋಯಿತು.

ಸ್ಯಾಂಡಿಫರ್ಡ್‌ನ ಲುವಾಸ್ ಟ್ರಾಮ್ ಸ್ಟಾಪಿನಲ್ಲಿ ಇಬ್ಬರೂ ಕೂತಿದ್ದರು. ಮೀಟರ್ ವಾಪಸ್ ಕೊಡಲು ಆಫೀಸಿಗೆ ಬಂದಿದ್ದ ನೀಲಾಳ ಮಡಿಲಲ್ಲಿ ಮಯೂರನ ಮೇಜಿನ ಸಾಮಾನು ತುಂಬಿದ ಡಬ್ಬ. ಟ್ರಾಮ್ ಬಂತು, ಹೋಯಿತು. ಯಾರೂ ಏಳಲಿಲ್ಲ.

"ಬೇಜಾರಾ?" ಕೇಳಿದ.

"ಇಲ್ಲ. ಹಸಿವು." ನೀಲಾ ನಕ್ಕಳು. ಆಮೇಲೆ ಮೆಲ್ಲಗೆ, "ಬೇರೆ ಕೆಲ್ಸ ಸಿಗ್ದೆ ವಾಪಸ್ ಹೋಗೋ ಹಾಗಾದ್ರೆ ಏನ್ಮಾಡ್ತೀಯ?"

"ನಿಮ್ಮನೆಗೆ ಬಂದು ಹೆಣ್ಣು ಕೇಳ್ತೀನಿ."

ಅವಳ ಕಿವಿ ಬಿಸಿಯಾಯಿತು. "ಇಲ್ಲೇ ಉಳಿಯೋ ಹಾಗಾದ್ರೆ?"

"ಅಲ್ಲೀವರೆಗೂ ಯಾಕ್ ಕಾಯ್ಬೇಕು, ಇಲ್ಲೇ ನಿನ್ನನ್ನೇ ಕೇಳ್ತೀನಿ."

ನೀಲಾ ಡಬ್ಬವನ್ನು ಕೆಳಗಿಟ್ಟು ಅವನ ಕಡೆ ತಿರುಗಿ ಕೂತಳು.

"ನಾನು ಎಲ್ಲಿಗೂ ಹೋಗಲ್ಲ. ಕೇಳು."