ಅಕ್ಕನ ಕೋಣೆಯ ಕೆಮ್ಮು

ಅವನ ಬೆರಳುಗಳು ಕೆಂಪಾಗಿದ್ದವು.

ಚಂದ್ರಪ್ರಭಾ ಮೊದಲು ನೋಡಿದ್ದು ಅದನ್ನೇ. ಮುಖವನ್ನಲ್ಲ, ಕೊರಳಲ್ಲಿ ನೇತಾಡುತ್ತಿದ್ದ ಸ್ಟೆತಾಸ್ಕೋಪನ್ನಲ್ಲ. ತುದಿಯೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ ಆ ಬೆರಳುಗಳನ್ನು... ಅಕ್ಕನ ರಕ್ತವನ್ನು ಇನ್ನೂ ತೊಳೆದುಕೊಂಡಿಲ್ಲವೇನೋ ಎಂದುಕೊಂಡಳು.

ಅದು ಎಂಬತ್ತಮೂರನೇ ಇಸವಿಯ ಮಾಗಿ. ಬೇಲೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಕಟ್ಟಡದಲ್ಲಿ ಶ್ವಾಸಕೋಶ ಸಂಶೋಧನೆಯ ಕೇಂದ್ರವೊಂದಿತ್ತು. ಟಿ.ಬಿ.ಗೆ ಬಂದಿರುವ ಹೊಸ ಔಷಧಿ ಹಳೆಯದಕ್ಕಿಂತ ಬೇಗ ಗುಣ ಮಾಡುತ್ತದೆಯೇ ಎಂದು ಅಲ್ಲಿ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ಅವಳ ಅಕ್ಕ ಕಾಂಚನಮಾಲಾ ಆ ರೋಗಿಗಳಲ್ಲಿ ಒಬ್ಬಳು. ಹಾಸನದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದ ಚಂದ್ರಪ್ರಭಾ ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಅಕ್ಕ ರಕ್ತ ಕಾರಿಕೊಂಡು ಹೋಗಿಬಿಟ್ಟಿದ್ದಳು.

ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರ್ ಕೆಂಚಪ್ಪ ಕನಿಕರದಿಂದಲೇ ಹೇಳಿದ್ದ. "ಏನ್ ಮಾಡಕಾಯ್ತದವ್ವಾ... ರೀಸರ್ಚು ಅಂದ್ರೆ ಹಂಗೇ ಅಂತೆ. ಅರ್ಧ ಜನಕ್ಕೆ ನಿಜವಾದ್ ಮಾತ್ರೆ, ಅರ್ಧ ಜನಕ್ಕೆ ಬರೀ ಹಿಟ್ಟಿನ್ ಮಾತ್ರೆ. ಯಾರ್ ಹಣೇಲಿ ಏನ್ ಬರ್ದೈತೋ."

ಆ ಮಾತು ಕಿವಿಯಲ್ಲಿ ಕುದಿಯುತ್ತಿರುವಾಗಲೇ ಡಾಕ್ಟರ್ ಏಕಾಂತಯ್ಯ ಹೊರಗೆ ಬಂದ. ಅರಸೀಕೆರೆಯ ತೆಂಗಿನ ತೋಟದ ಮನೆತನದವನು, ಇನ್ನೂ ಮೂವತ್ತು ದಾಟದವನು. ಕಣ್ಣುಗಳು ನಿದ್ದೆಯಿಲ್ಲದೆ ಊದಿಕೊಂಡಿದ್ದವು.

"ನನ್ನ ಅಕ್ಕನಿಗೆ ಕೊಟ್ಟಿದ್ದು ನಿಜವಾದ ಔಷಧಿನಾ?"

"ಹೌದು."

"ಹಾಗಾದ್ರೆ ಅವಳು ಯಾಕೆ ಉಳೀಲಿಲ್ಲ?"

ಅವನು ಏನೋ ಹೇಳಲು ಹೊರಟ. ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಸುಮ್ಮನಾಗಿಬಿಟ್ಟ.

"ಹೇಳಿ ಡಾಕ್ಟ್ರೇ. ಯಾಕೆ ಸುಮ್ಮನಾದ್ರಿ?"

ಅವನು ಕೆಂಪು ಬೆರಳುಗಳನ್ನು ಮೆಲ್ಲನೆ ಕೋಟಿನ ಜೇಬಿಗೆ ಸೇರಿಸಿಕೊಂಡ. ತಪ್ಪು ಮಾಡದವನು ಕೈ ಯಾಕೆ ಬಚ್ಚಿಡುತ್ತಾನೆ? ಅಷ್ಟು ಚಿಕ್ಕ ವಯಸ್ಸಿನಲ್ಲಿ, ಅಂಥ ದುಃಖದಲ್ಲಿ, ನಾವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು.

'ಇವನೇ ಕೊಂದಿದ್ದು' ಎಂದು ಅವಳ ಮನಸ್ಸು ತೀರ್ಮಾನಿಸಿತು.

*

ಪದವಿಯನ್ನು ಹೇಗೋ ಮುಗಿಸಿ ಅವಳು ಹಳೇಬೀಡಿಗೆ ಮರಳಿದಳು. ಬಸದಿಗಳ ಹತ್ತಿರದ ಆ ಮನೆಯಲ್ಲಿ ಈಗ ಅಮ್ಮ ಶಾಂತಾದೇವಿ ಮತ್ತು ಅವಳು, ಇಬ್ಬರೇ. ತಂದೆ ಜಿನಪ್ಪನವರು ತೀರಿಕೊಂಡು ಬಹಳ ಕಾಲವಾಗಿತ್ತು. ಚಂದ್ರಪ್ರಭಾ ಅಕ್ಕನ ಕೋಣೆಯಲ್ಲೇ ಮಲಗತೊಡಗಿದಳು, ಅಕ್ಕನ ಹಾಸಿಗೆಯಲ್ಲೇ.

ಮಳೆಗಾಲ ಕಳೆದ ಮೇಲೆ ಕೆಮ್ಮು ಶುರುವಾಯಿತು.

ಬೆಳಕು ಹರಿಯುವ ಹೊತ್ತಿಗೆ ಕೇಳಿಸುತ್ತಿತ್ತು. ಒಣ ಕೆಮ್ಮು, ಕೊನೆಯಲ್ಲೊಂದು ಸಣ್ಣ ನರಳಿಕೆ. ಕಾಂಚನಮಾಲಾ ಕೆಮ್ಮುತ್ತಿದ್ದುದು ಥೇಟ್ ಹಾಗೆಯೇ. ನಡುಮನೆಯಲ್ಲಿ ಮಲಗಿದ್ದ ಶಾಂತಾದೇವಿ ಎದ್ದು ಕುಳಿತುಬಿಡುತ್ತಿದ್ದರು.

"ನಿನಗೂ ಕೇಳಿಸ್ತಾ ಚಂದ್ರಾ?"

"ಕೇಳಿಸ್ತಮ್ಮ... ನಿದ್ದೆಗಣ್ಣಲ್ಲಿ. ನನ್ನ ತಲೆದಿಂಬಿನ ಪಕ್ಕದಲ್ಲೇ. ಕಣ್ಣು ಬಿಟ್ಟರೆ ಯಾರೂ ಇಲ್ಲ."

"ದೆವ್ವ ಭೂತ ಅಂತ ನಂಬೋ ಜನ ನಾವಲ್ಲ ಕಣೇ. ಆದ್ರೆ ಹೆತ್ತವಳಿಗೆ ಮಗಳ ಕೆಮ್ಮು ಗೊತ್ತಾಗಲ್ವಾ?"

ಅಂದಿನಿಂದ ಶಾಂತಾದೇವಿ ಕಾಯಿಸಿ ಸೋಸಿದ ನೀರನ್ನು ಕಾಂಚನಳ ಚೊಂಬಿನಲ್ಲಿ ತುಂಬಿ ಕೋಣೆಯ ಹೊಸ್ತಿಲ ಬಳಿ ಇಡತೊಡಗಿದರು. "ಹೊತ್ತು ಮುಳುಗೋಕೆ ಮುಂಚೆ ಕುಡಿದುಬಿಡು ಮಗಾ" ಎಂದು ಖಾಲಿ ಕೋಣೆಗೆ ಹೇಳುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ ನೀರು ಮುಟ್ಟುತ್ತಿರಲಿಲ್ಲ. ಸತ್ತವಳಿಗೂ ಆ ನಿಯಮ ತಪ್ಪಬಾರದಲ್ಲ.

ಒಂದು ಮಧ್ಯಾಹ್ನ ಪಾರ್ಶ್ವನಾಥ ಬಸದಿಗೆ ಹೋದ ಚಂದ್ರಪ್ರಭಾ ಕಂಬದ ಮುಂದೆ ನಿಂತುಬಿಟ್ಟಳು. ಅಲ್ಲಿನ ಕಂಬಗಳಿಗೆ ಕನ್ನಡಿಯ ಹೊಳಪು. ಅದರೊಳಗೆ ಅಕ್ಕ ನಿಂತಿದ್ದಳು. ಒಳಸರಿದ ಕೆನ್ನೆ, ದೊಡ್ಡದಾದ ಕಣ್ಣು, ಮೇಲೆದ್ದ ಕೊರಳಿನ ಮೂಳೆ... ಇವಳು ಕೈ ಎತ್ತಿದರೆ ಅಕ್ಕನೂ ಎತ್ತಿದಳು.

"ನನ್ನ ಬಿಟ್ಟು ಹೋಗಿಲ್ಲ ಅಲ್ವಾ ನೀನು?" ಎಂದು ಅವಳು ಪಿಸುಗುಟ್ಟಿದಳು. ಭಯಕ್ಕಿಂತ ಹೆಚ್ಚಾಗಿ ಆಸೆಯೇ ಆ ದನಿಯಲ್ಲಿತ್ತು.

*

ಏಕಾಂತಯ್ಯ ಆ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ರೋಗಿಯ ಜೊತೆ ಇದ್ದವರ ಎದೆಯನ್ನೂ ಪರೀಕ್ಷಿಸಬೇಕು, ಅದು ಸಂಶೋಧನೆಯ ನಿಯಮ ಎನ್ನುತ್ತಿದ್ದ. ಶಾಂತಾದೇವಿ ಬೇಲೂರಿಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದರು. ಚಂದ್ರಪ್ರಭಾ ಮಾತ್ರ ಅವನು ಬಂದಾಗಲೆಲ್ಲ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು.

ಕದ ಹಾಕಿಕೊಂಡವಳು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು. ಜಗಲಿಯ ಮೇಲೆ ಕುಳಿತು ಅಮ್ಮನ ಮಂಡಿನೋವನ್ನು ವಿಚಾರಿಸುವ ಆ ಮೆತ್ತನೆಯ ದನಿ ಅವಳನ್ನು ಹಿಂಸಿಸುತ್ತಿತ್ತು. 'ಕೊಂದವನ ದನಿ ಹೀಗಿರಬಾರದು... ಇವತ್ತು ಬರ್ತಾನೋ ಇಲ್ವೋ ಅಂತ ನಾನು ಯಾಕೆ ಕಾಯ್ತೀನಿ?' ಎಂದು ತನ್ನ ಮೇಲೇ ಸಿಟ್ಟಾಗುತ್ತಿದ್ದಳು.

ಒಂದು ದಿನ ಅವನು ಮೊದಲ ಬಸ್ಸಿಗೇ ಬಂದ. ಶಾಂತಾದೇವಿ ಬಾಗಿಲಿಗೆ ನೀರು ಹಾಕುತ್ತಿದ್ದರು. ಒಳಗಿನಿಂದ ಕೆಮ್ಮು ಕೇಳಿಸಿತು.

ಅವನು ಕೋಣೆಯ ಕಡೆ ತಿರುಗಿದ.

"ಕೇಳಿಸ್ತೇನಪ್ಪಾ?" ಶಾಂತಾದೇವಿ ನೀರಿನ ಪಾತ್ರೆ ಕೆಳಗಿಟ್ಟರು. "ನಮ್ಮ ಕಾಂಚನ. ದಿನಾ ಇದೇ ಹೊತ್ತಿಗೆ ಬರ್ತಾಳೆ."

"ಅಮ್ಮಾ... ಆ ಕೋಣೇಲಿ ಯಾರು ಮಲಗ್ತಾರೆ?"

"ಚಂದ್ರ. ಅವಳಿಗೂ ಕೇಳಿಸ್ತದೆ."

"ಬಾಗಿಲು ತೆಗೀರಿ ಅಮ್ಮಾ. ಅದು ಸತ್ತವರ ಕೆಮ್ಮಲ್ಲ. ಬದುಕಿರೋರದ್ದು."

ಹಾಸಿಗೆಯ ಮೇಲೆ ಚಂದ್ರಪ್ರಭಾ ನಿದ್ದೆಯಲ್ಲೇ ಇದ್ದಳು. ಜ್ವರಕ್ಕೆ ಕೆನ್ನೆ ಕೆಂಪೇರಿತ್ತು. ಕಣ್ಣು ಮುಚ್ಚಿಕೊಂಡೇ ಅವಳು ಮತ್ತೆ ಕೆಮ್ಮಿದಳು, ಕೊನೆಯಲ್ಲಿ ಅದೇ ಸಣ್ಣ ನರಳಿಕೆ. ಶಾಂತಾದೇವಿ ಹೊಸ್ತಿಲು ದಾಟಿ ಬಂದು ಅವಳ ಹಣೆಯ ಮೇಲೆ ಕೈಯಿಟ್ಟರು. ಅಷ್ಟು ದಿನ ಹೋದ ಮಗಳಿಗೆ ನೀರಿಟ್ಟಿದ್ದರು, ಇದ್ದ ಮಗಳ ಹಣೆ ಮುಟ್ಟಿ ನೋಡಿರಲಿಲ್ಲ.

*

ಕಫದಲ್ಲಿ ರೋಗಾಣು ಕಂಡಿತು. ಬೇಲೂರಿನ ಕೇಂದ್ರದಲ್ಲಿ ಏಕಾಂತಯ್ಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆಯೊಂದಿತ್ತು.

"ಇದು ಅಕ್ಕನದಲ್ವಾ?" ಎಂದಳು ಚಂದ್ರಪ್ರಭಾ.

"ನಿಮ್ಮದು."

ಸಾವು ಅವಳ ಎದುರಿಗೆ ಬಂದು ನಿಂತಿತ್ತು. ಅದರಿಂದ ತಪ್ಪಿಸಿಕೊಳ್ಳಲು ಇವನೊಬ್ಬನ ಕೈಯಿಂದಲೇ ಔಷಧಿ ತೆಗೆದುಕೊಳ್ಳಬೇಕಿತ್ತು.

"ಈ ಸಲ ನಿಜವಾದದ್ದು ಕೊಡ್ತೀರಾ, ಹಿಟ್ಟಿನದಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೆಂಚಪ್ಪ ಹೇಳಿದ್ನಾ? ಅವನು ಎಲ್ಲೋ ಕೇಳಿದ್ದನ್ನ ಹೇಳಿದಾನೆ. ಇಲ್ಲಿ ಒಂದು ಗುಂಪಿಗೆ ಹಳೇ ಔಷಧಿ, ಇನ್ನೊಂದಕ್ಕೆ ಹೊಸದು. ಹಿಟ್ಟು ಯಾರಿಗೂ ಇಲ್ಲ."

ಹಾಗೆಂದು ಅವನು ಡಬ್ಬಿಯಿಂದ ಕೆಂಪು ಕ್ಯಾಪ್ಸೂಲೊಂದನ್ನು ತೆಗೆದ. ಅದನ್ನು ಅವಳ ಕೈಗೆ ಕೊಡಲಿಲ್ಲ. ಸ್ಟೀಲ್ ಲೋಟದ ಮೇಲೆ ಹಿಡಿದು ಎರಡು ಹೋಳು ಮಾಡಿದ. ಇಟ್ಟಿಗೆ ಬಣ್ಣದ ಪುಡಿ ಲೋಟಕ್ಕೆ ಉದುರಿತು. ಖಾಲಿ ಹೊದಿಕೆಯನ್ನು ಕಸದ ಬುಟ್ಟಿಗೆ ಹಾಕಿದ. ಬೆರಳ ತುದಿಗಳು ಕೆಂಪಾದವು.

ಆ ಕೆಂಪು... ಅವಳು ಅದನ್ನು ಮರೆತಿರಲಿಲ್ಲ.

"ಅವತ್ತೂ... ಅಕ್ಕ ಹೋದ ದಿನವೂ ಇದನ್ನೇ ಬಿಡಿಸ್ತಿದ್ರಾ?"

"ಹೂಂ. ಬೆಳಗ್ಗೆ ಕೊಡೋಕೆ. ಅಷ್ಟರಲ್ಲಿ..."

"ಹೊದಿಕೆ ಯಾಕೆ ತೆಗೀತೀರಿ?"

"ನಿಮ್ಮಲ್ಲಿ ಅದನ್ನ ನುಂಗಲ್ಲ ಅಂತ ನನಗೆ ತಡವಾಗಿ ಗೊತ್ತಾಯ್ತು."

"ಯಾರು ಹೇಳಿದ್ರು?"

"ನಿಮ್ಮಕ್ಕ."

"ಅಕ್ಕನಿಗೆ ಅದು ಯಾವುದರಿಂದ ಮಾಡಿದ್ದು ಅಂತ ಯಾರು ಹೇಳಿದ್ರು?"

ಏಕಾಂತಯ್ಯ ಅವಳ ಮುಖ ನೋಡಿದ. ಮತ್ತೆ ಅದೇ ರೀತಿ ತಲೆ ತಗ್ಗಿಸಿದ.

ಚಂದ್ರಪ್ರಭಾಳ ಕಣ್ಣ ಮುಂದೆ ದಸರಾ ರಜೆಯ ಒಂದು ಸಂಜೆ ಬಂದು ನಿಂತಿತು. ಜಗಲಿಯಲ್ಲಿ ಅಕ್ಕ, ಅವಳ ಅಂಗೈಯಲ್ಲಿ ಆಗಷ್ಟೇ ಕೇಂದ್ರದಿಂದ ತಂದ ಹೊಸ ಕ್ಯಾಪ್ಸೂಲು. ಪಕ್ಕದಲ್ಲಿ ತಾನು, ಕಾಲೇಜು ಓದಿದ ಜಂಬದಲ್ಲಿ. 'ಅಕ್ಕ, ಈ ಹೊದಿಕೆ ಯಾವುದರದ್ದು ಗೊತ್ತಾ? ದನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ನಮ್ಮ ಪಾಠದಲ್ಲಿದೆ.' ಅಕ್ಕ 'ಹೌದಾ' ಎಂದು ನಕ್ಕಿದ್ದಳು. ತಾನು ಪುಟ ತಿರುಗಿಸಿ ಮುಂದಿನ ಪಾಠಕ್ಕೆ ಹೋಗಿದ್ದಳು.

ನೆಲ ನೋಡಿ ಕಾಲಿಡುವ, ಇರುವೆಗೂ ನೋವಾಗಬಾರದು ಎನ್ನುವ ಅಕ್ಕ ಅದನ್ನು ಹೇಗೆ ನುಂಗಿಯಾಳು?

"ನಾನು..." ಎಂದಳು. "ನಾನೇ ಹೇಳಿದ್ದು. ನನ್ನ ಮಾತಿಂದ..."

"ಇಲ್ಲ."

"ನಿಮಗೆ ಗೊತ್ತಿತ್ತು. ಎಲ್ಲರೆದುರು ನಿಮ್ಮನ್ನ ಕೇಳಿದೆ. ಯಾಕೆ ಹೇಳಲಿಲ್ಲ?"

"ಅವರು ಮಾತು ತಗೊಂಡಿದ್ರು." ಅವನು ಲೋಟವನ್ನು ಮೇಜಿನ ಮೇಲಿಟ್ಟ. "ಹೋಗೋದಕ್ಕೆ ಹಿಂದಿನ ದಿನ ರೋಗ ಜಾಸ್ತಿ ಆಗಿದೆ ಅಂದಾಗ ಅವರು ಅತ್ತರು. ಈ ಔಷಧಿ ಮೈಗೆ ಸೇರಿದ್ರೆ ಕಣ್ಣೀರಿಗೂ ಕೆಂಪು ಬಣ್ಣ ಬರುತ್ತೆ. ಅವರ ಕಣ್ಣೀರು ತಿಳಿಯಾಗಿತ್ತು. ಆಗ ಕೇಳಿದೆ. ಬಿಳಿ ಮಾತ್ರೆಗಳನ್ನಷ್ಟೇ ನುಂಗಿದ್ರಂತೆ. ಅಷ್ಟೇ ಸಾಕಾಗುತ್ತೆ ಅಂದ್ಕೊಂಡಿದ್ರು, ಪಾಪ. 'ತಂಗಿಗೆ ಮಾತ್ರ ಹೇಳಬೇಡಿ. ಓದಿದ್ದೇ ತಪ್ಪು ಅಂದ್ಕೊಂಡುಬಿಡ್ತಾಳೆ' ಅಂದ್ರು."

ಚಂದ್ರಪ್ರಭಾ ಮುಖ ಮುಚ್ಚಿಕೊಂಡಳು. ಒಂದು ವರ್ಷ ಇವನನ್ನು ಕೊಲೆಗಾರ ಎಂದಿದ್ದಳು. ಆ ಹೆಸರನ್ನು ಇವನು ಸುಮ್ಮನೆ ಹೊತ್ತುಕೊಂಡಿದ್ದ, ಅವಳಿಗೆ ನೋವಾಗದಿರಲಿ ಎಂದು.

"ತಪ್ಪು ನನ್ನದು" ಎಂದ ಅವನು. "ಕಫ ನೋಡಿದೆ, ಎಕ್ಸ್‌ರೇ ನೋಡಿದೆ. ಏನು ತಿಂತೀರಿ, ಏನು ತಿನ್ನಲ್ಲ ಅಂತ ಒಂದು ಮಾತು ಕೇಳಲಿಲ್ಲ. ಈಗ ಎಲ್ಲರನ್ನೂ ಕೇಳ್ತೀನಿ."

ಅವಳು ಲೋಟವನ್ನು ದೂರ ತಳ್ಳಿದಳು. "ನನಗೆ ಬೇಡ. ಅಕ್ಕನಿಗೆ ಸಿಗದೇ ಇದ್ದದ್ದು ನನಗ್ಯಾಕೆ? ಅವಳು ನನ್ನ ಕರೀತಿದಾಳೆ. ಅದಕ್ಕೇ ನನ್ನ ಗಂಟಲಲ್ಲಿ ಕೆಮ್ಮಿದ್ದು."

ಏಕಾಂತಯ್ಯ ಅವಳ ಎದುರು ಸ್ಟೂಲ್ ಎಳೆದುಕೊಂಡು ಕುಳಿತ.

"ನಿಮ್ಮೊಳಗಿರೋ ರೋಗಾಣು ಅಕ್ಕನಿಂದಲೇ ಬಂದದ್ದು. ಅವರು ನುಂಗಿದ ಮಾತ್ರೆಗಳಿಗೆ ಅದು ಈಗ ಜಗ್ಗದೇ ಇರಬಹುದು. ಜೊತೆಗೆ ಸೂಜಿ ಮದ್ದೂ ಕೊಡ್ತೀನಿ. ಆದ್ರೆ ಈ ಕೆಂಪು ಪುಡೀನ ಅದು ಇನ್ನೂ ಕಂಡೇ ಇಲ್ಲ. ಅಕ್ಕ ಇದನ್ನ ಮುಟ್ಟಲಿಲ್ಲ ನೋಡಿ... ಅದಕ್ಕೇ ನಿಮ್ಮಲ್ಲಿ ಇದು ಕೆಲಸ ಮಾಡುತ್ತೆ. ಅವರು ನಿಮ್ಮನ್ನ ಕರೀತಿಲ್ಲ. ನಿಮಗೆ ಅಂತ ಇದನ್ನ ಉಳಿಸಿ ಹೋಗಿದಾರೆ."

ಕಿಟಕಿಯಾಚೆ ಅರಸೀಕೆರೆ ಬಸ್ಸು ಹೊರಟು ಹೋಯಿತು. ಅದರ ಸದ್ದು ಕರಗುವವರೆಗೂ ಅವಳು ಅಲುಗಲಿಲ್ಲ. ಆಮೇಲೆ ಕೈ ಚಾಚಿ ಲೋಟ ತೆಗೆದುಕೊಂಡಳು. ಅವನು ಬೆಲ್ಲದ ನೀರು ಬೆರೆಸಿದ. ಕಹಿ ಇಳಿಯುವಾಗ ಅವಳ ಕಣ್ಣು ಅವನ ಬೆರಳುಗಳ ಮೇಲೇ ಇತ್ತು.

*

ಆಮೇಲಿನ ತಿಂಗಳುಗಳಲ್ಲಿ ಏಕಾಂತಯ್ಯ ಬೆಳಗಿನ ಮೊದಲ ಬಸ್ಸಿಗೆ ಹಳೇಬೀಡಿಗೆ ಬರುತ್ತಿದ್ದ. ಜಗಲಿಯ ಮೇಲೆ ಕುಳಿತು ಕ್ಯಾಪ್ಸೂಲು ಬಿಡಿಸುತ್ತಿದ್ದ. ಆ ಕೆಲಸಕ್ಕೆ ಕೆಂಚಪ್ಪನನ್ನು ಕಳಿಸಬಹುದಿತ್ತು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಕೋಣೆಯ ಕೆಮ್ಮು ನಿಂತಿತು. ಆ ಮೊದಲ ನಿಶ್ಶಬ್ದ ಬೆಳಗಿನಲ್ಲಿ ಶಾಂತಾದೇವಿ ಬಹಳ ಹೊತ್ತು ಕಿವಿಗೊಟ್ಟು ಕುಳಿತಿದ್ದರು. ಮಗಳು ಗುಣವಾದಳೆಂದು ನಕ್ಕರು. ಆಮೇಲೆ ಇನ್ನೊಬ್ಬಳು ನಿಜವಾಗಿಯೂ ಹೋಗಿಬಿಟ್ಟಳೆಂದು ಅತ್ತರು. ಹೊಸ್ತಿಲಲ್ಲಿ ಚೊಂಬು ಇಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಔಷಧಿ ಮುಗಿಯುವ ದಿನ ಬಂತು. ಬೆಳಗ್ಗೆ ಕೊನೆಯ ಲೋಟ ಕೊಟ್ಟು ಹೋದವನು ಸಂಜೆ ಬಿಸಿಲಿರುವಾಗಲೇ ಮತ್ತೆ ಬಂದ, ಕೈಯಲ್ಲೊಂದು ಕೊಬ್ಬರಿಯ ಚೀಲ ಹಿಡಿದು.

"ಅವ್ವ ಕಳಿಸಿದಾಳೆ" ಎಂದ ಶಾಂತಾದೇವಿಗೆ. "ಅಪ್ಪ ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ."

ಎರಡೂ ಮನೆಯ ಮತ ಬೇರೆ, ಯಾಕೆಂದು ಶಾಂತಾದೇವಿ ಕೇಳಬೇಕಾಗಿರಲಿಲ್ಲ. ಮಗಳ ಮುಖ ನೋಡಿದರು, ಅವನ ಮುಖ ನೋಡಿದರು. ಒಳಗೆ ಹೋಗಿ ಹೊಸ್ತಿಲ ಮೇಲಿದ್ದ ಕಾಂಚನಳ ಚೊಂಬನ್ನು ಎತ್ತಿ ತಂದು ಅವನ ಕೈಗಿಟ್ಟರು.

"ಕುಡಿಯಪ್ಪಾ. ಹೊತ್ತು ಮುಳುಗೋಕೆ ಮುಂಚೆ."

ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಶಾಂತಾದೇವಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು.

"ಇನ್ನು ನನ್ನನ್ನ ಕಾಪಾಡೋಕೆ ಅಂತ ಸುಮ್ಮನಿರಬಾರದು" ಎಂದಳು ಚಂದ್ರಪ್ರಭಾ. "ಕೇಳಿದ್ದಕ್ಕೆ ಉತ್ತರ ಹೇಳಬೇಕು."

"ಕೇಳಿ."

"ಔಷಧಿ ಮುಗೀತಲ್ಲ. ನಾಳೆ ಮೊದಲ ಬಸ್ಸಿಗೆ ಬರ್ತೀರಾ?"

"ಬರ್ತೀನಿ."

"ಯಾಕೆ?"

ಅವನ ತಲೆ ತಗ್ಗತೊಡಗಿತು. ಅವಳು ಕಾದಳು. ಈ ಸಲ ಅವನು ತಲೆ ಎತ್ತಿದ.

"ನೀವಿಲ್ಲದೆ ನನಗೆ ಆಗಲ್ಲ. ಅದಕ್ಕೆ."

ಅವಳ ಕಣ್ಣು ತುಂಬಿ ಹರಿಯಿತು. ಅವನು ಬಿಳಿ ಕರವಸ್ತ್ರ ಕೊಟ್ಟ. ಅವಳು ಒರೆಸಿಕೊಂಡು ನೋಡಿದರೆ ಬಟ್ಟೆಯ ಮೇಲೆ ಮಾಸಲು ಕೆಂಪು ಕಲೆ. ಏಕಾಂತಯ್ಯ ಅದನ್ನೇ ನೋಡುತ್ತ ನಿಂತ. ಅವನ ಕಣ್ಣುಗಳೂ ತುಂಬಿಕೊಂಡವು.

"ನಾಳೆಯಿಂದ ನನ್ನ ಕಣ್ಣೀರೂ ತಿಳಿಯಾಗುತ್ತೆ" ಎಂದಳು ಮೆಲ್ಲನೆ. "ಅಕ್ಕನದರ ಹಾಗೆ. ಆಗ ನಿಮಗೆ ಭಯ ಆಗಲ್ವಾ?"

"ಆಗುತ್ತೆ."

"ಮತ್ತೆ?"

"ಪಕ್ಕದಲ್ಲೇ ಇದ್ದು ಕೇಳ್ತೀನಿ, ಯಾಕೆ ಅಳ್ತಿದೀರಿ ಅಂತ. ಅವತ್ತೇ, ತಡ ಮಾಡದೆ."