ಉಪದೇಶ ಮಾಡುವಂತಿಲ್ಲ

ಮೊದಲ ದಿನವೇ ಅವಳು ಅವನ ಕೈಗೆ ಮೂತ್ರ ಪರೀಕ್ಷೆಯ ಡಬ್ಬಿ ಕೊಟ್ಟಿದ್ದಳು.

"ಹೆಸರು ಬರೆದು, ತುಂಬಿಸಿ, ಆ ಟ್ರೇನಲ್ಲಿಡಿ."

ಅವನು ಡಬ್ಬಿಯನ್ನು ತಿರುಗಿಸಿ ನೋಡಿದ. "ಆಗ್ಲಿ ಡಾಕ್ಟ್ರೇ. ಆದ್ರೆ ನಾನೂ ಡಾಕ್ಟರೇ. ನಿಮ್ಮ ಜೊತೆ ಟ್ರೈನಿಂಗಿಗೆ ಬಂದವನು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಡಬ್ಬಿ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದರೆ ಅವನು ಕೊಡಲಿಲ್ಲ. "ಇರ್ಲಿ ಬಿಡಿ. ಪ್ರತಿ ಸೋಮವಾರ ನಾನು ಹೇಗೂ ಕೊಡ್ಲೇಬೇಕು."

ವಿಷಯ ತಿಳಿದದ್ದು ಹಾಗೆ. ಆಪರೇಷನ್ ಥಿಯೇಟರಿನಲ್ಲಿ ಬೇರೆಯವರಿಗೆ ಕೊಡುವ ನೋವಿನ ಇಂಜೆಕ್ಷನ್ನನ್ನು ಅವನು ತನಗೇ ಚುಚ್ಚಿಕೊಳ್ಳುತ್ತಿದ್ದ. ಬಿಟ್ಟು ಆಗ ನಾಲ್ಕು ತಿಂಗಳು. ಈಗ ಬೇರೆಯವರ ಚಟ ಬಿಡಿಸುವುದನ್ನು ಕಲಿಯಲು ಬಂದಿದ್ದ. ಯಾರು ಕೇಳಿದರೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ; ಹೇಳಿ ನಗುತ್ತಿದ್ದ. ಆ ನಗು ಎಡಗಣ್ಣಿನ ಮೂಲೆಯಲ್ಲಿ ಶುರುವಾಗಿ ತುಟಿಗೆ ಬರುವಷ್ಟರಲ್ಲಿ ಅರ್ಧ ಖರ್ಚಾಗಿರುತ್ತಿತ್ತು. ಆರು ತಿಂಗಳಲ್ಲಿ ಅವಳಿಗೆ ಆ ಮೂಲೆ ಬಾಯಿಪಾಠವಾಗಿಹೋಯಿತು.

ಆದರೆ ವಾರ್ಡಿನಲ್ಲಿ ಪ್ರತಿ ರೋಗಿಗೂ ಅವಳೇ ಹೇಳಬೇಕಿದ್ದ ಮಾತೊಂದಿತ್ತು. "ವರ್ಷ ತುಂಬೋವರೆಗೂ ಹೊಸ ಪ್ರೀತಿ ಬೇಡ. ಚಟ ಎದ್ದುಹೋದ ಕುರ್ಚಿ ಇನ್ನೂ ಬಿಸಿ ಇರುತ್ತೆ. ಅಲ್ಲಿ ಯಾರನ್ನಾದ್ರೂ ಕೂರಿಸಿದ್ರೆ, ಅವರು ಎದ್ದುಹೋದ ದಿನ ಹಳೇದೇ ಬಂದು ಕೂರುತ್ತೆ." ಹೇಳುವಾಗಲೆಲ್ಲ ಅವನು ಪಕ್ಕದಲ್ಲೇ ನಿಂತು ಫೈಲು ಹಿಡಿದಿರುತ್ತಿದ್ದ. ಅವಳು ಫೈಲಿನ ಕಡೆಗೇ ನೋಡುತ್ತಿದ್ದಳು.

ಇವತ್ತು ಅವನಿಗಿಲ್ಲಿ ಕೊನೆಯ ದಿನ. ಉಳಿದ ಎರಡು ತಿಂಗಳ ತರಬೇತಿ ದೂರದ ಇನ್ನೊಂದು ಆಸ್ಪತ್ರೆಯಲ್ಲಿ. ಹೊರಡುವ ಮುಂಚೆ ಅಭ್ಯಾಸದ ಸಂದರ್ಶನ ಒಂದು ಬಾಕಿಯಿತ್ತು: ಅವನು ರೋಗಿಯಂತೆ ನಟಿಸಬೇಕು, ಅವಳು ಡಾಕ್ಟರಾಗಿ ಮಾತಾಡಿಸಬೇಕು. ಡಾಕ್ಟರು ಉಪದೇಶ ಮಾಡುವಂತಿಲ್ಲ. ತನ್ನ ಮನಸ್ಸಿನದನ್ನು ಹೇಳುವಂತಿಲ್ಲ. ಪ್ರಶ್ನೆ ಕೇಳಬೇಕು, ಇಲ್ಲವೆ ರೋಗಿಯ ಮಾತನ್ನೇ ಅವನಿಗೆ ಮರಳಿಸಬೇಕು. ತಪ್ಪಿದರೆ, ಇಬ್ಬರಿಗೂ ತರಬೇತಿ ಕೊಡುವ ಮೇಡಂ ಮೂಲೆಯಲ್ಲಿ ಕೂತು ತಮ್ಮ ಪುಸ್ತಕದಲ್ಲಿ ಕೆಂಪು ಗೀಟು ಎಳೆಯುತ್ತಾರೆ.

"ಏನು ತೊಂದರೆ?" ಎಂದಳು.

"ಸೂಜಿ ಬಿಟ್ಟು ಮುನ್ನೂರ ಐದು ದಿನ ಆಯ್ತು ಡಾಕ್ಟ್ರೇ. ಈಗ ಹೊಸದೊಂದು ಅಂಟ್ಕೊಂಡಿದೆ."

"ಹೊಸದು..."

"ಒಬ್ರು. ಯೋಚ್ನೆ ಮಾಡುವಾಗ ಪೆನ್ನಿನ ಕ್ಯಾಪ್ ಕಚ್ತಾರೆ."

ಅವಳು ಬಾಯಿಂದ ಕ್ಯಾಪ್ ತೆಗೆದಳು. ಕಿವಿ ಬಿಸಿಯಾಯಿತು.

"ಸೊನ್ನೆಯಿಂದ ಹತ್ತರೊಳಗೆ, ಎಷ್ಟು ಸೆಳೆಯುತ್ತೆ?"

"ಒಂಬತ್ತು."

ಮುಂದಿನ ಪ್ರಶ್ನೆ ಪಾಠದಲ್ಲೇ ಇತ್ತು, ಬಿಡುವಂತಿರಲಿಲ್ಲ. "ನಾಲ್ಕು ಯಾಕಲ್ಲ?"

"ನಾಲ್ಕಾಗಿದ್ರೆ, ಅವರು ರಜಾ ಹಾಕಿದ ದಿನವೂ ಅವರ ಕುರ್ಚಿ ಮೇಲೆ ನನ್ನ ಬ್ಯಾಗಿಟ್ಟು ಕಾಯ್ತಿರ್ಲಿಲ್ಲ."

"ಹತ್ತು ಯಾಕಲ್ಲ?"

ಎಡಗಣ್ಣಿನ ಮೂಲೆಯಲ್ಲಿ ನಗುವಿರಲಿಲ್ಲ. "ಉಳಿದ ಆ ಒಂದು, ಭಯ. ಅವರು ಬೇಡ ಅಂದ್ರೆ ನಾನು ಎಲ್ಲಿಗೆ ಹೋಗ್ತೀನಿ ಅಂತ ನಂಗೆ ಚೆನ್ನಾಗಿ ಗೊತ್ತು."

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಪಾಡಾಯಿತು ಅವಳದು. ಬೇಡ ಅನ್ನಲ್ಲ, ಯಾವತ್ತೂ ಅನ್ನಲ್ಲ ಎಂದು ನಾಲಿಗೆಯ ತುದಿವರೆಗೆ ಬಂತು. ಕೆಂಪು ಗೀಟಿಗೆ ಅವಳು ಹೆದರಿದ್ದಲ್ಲ. ಆ ಮಾತು ಬಾಯಿಬಿಟ್ಟು ಹೇಳಿದರೆ ನಾಳೆಯಿಂದ ಅವನು ನಿಲ್ಲುವುದು ತನ್ನ ಕಾಲ ಮೇಲಲ್ಲ, ಅವಳ ಮಾತಿನ ಮೇಲೆ.

"ನಿಮಗೆ ಭಯ," ಎಂದಳು. ಅಷ್ಟೇ ಹೇಳಲು ಸಾಧ್ಯವಿತ್ತು. "ಆದ್ರೂ ಇಲ್ಲಿ ಬಂದು ಹೇಳಿದ್ರಿ."

"ಇಲ್ಲಿ ಹೇಳಿದ್ರೆ ಅವರು ಉತ್ತರ ಕೊಡೋ ಹಾಗಿಲ್ವಲ್ಲ. ಅದಕ್ಕೇ."

ಅವಳ ಕೈಯ ಹಾಳೆಯ ಮೇಲೆ ಒಂದು ಹನಿ ಬಿತ್ತು. ಒಂಬತ್ತು ಎಂದು ಬರೆದದ್ದು ಕದಡಿತು.

"ಟೈಮಾಯ್ತು," ಎಂದರು ಮೇಡಂ. ಪುಸ್ತಕದಲ್ಲಿ ಒಂದೂ ಕೆಂಪು ಗೀಟಿರಲಿಲ್ಲ. "ಪದ್ಧತಿ ಪ್ರಕಾರ ಈಗ ಅದಲು ಬದಲು. ನೀನು ರೋಗಿ, ಇವನು ಡಾಕ್ಟರು. ರೋಗಿ ಏನು ಬೇಕಾದ್ರೂ ಹೇಳ್ಬಹುದು."

ಅವಳು ಬಾಯಿ ತೆರೆದಳು. ಮೇಡಂ ಪುಸ್ತಕ ಮುಚ್ಚಿದರು.

"ಇವತ್ತಲ್ಲಮ್ಮ. ಮುನ್ನೂರ ಐದಕ್ಕೆ ಅರವತ್ತು ಸೇರಿಸು. ಅವತ್ತು ಇವನು ಟ್ರೈನಿಂಗಿನ ಕೊನೇ ಪರೀಕ್ಷೆಗೆ ಇಲ್ಲಿಗೇ ಬರ್ತಾನೆ. ನಿನ್ನ ಸರದಿ ಅವತ್ತು. ಅಲ್ಲಿವರೆಗೆ ಫೋನೂ ಬೇಡ. ಮೂವತ್ತು ವರ್ಷ ಚಟಗಾರರನ್ನೇ ನೋಡಿದೀನಿ, ನನ್ನ ಕಣ್ಣಿಗೆ ಮಣ್ಣೆರಚ್ಬೇಡಿ."

ಬಾಗಿಲಲ್ಲಿ ಅವನು ನಿಂತ. "ಅವತ್ತು ನಿಮ್ಮದು ಹತ್ತಕ್ಕೆ ಎಷ್ಟಿರುತ್ತೆ ಡಾಕ್ಟ್ರೇ?"

ಅವಳು ಮೇಡಂ ಕಡೆ ನೋಡಿದಳು. ಮೇಡಂ ಕಿಟಕಿ ಕಡೆ ನೋಡಿದರು. ಅವನು ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಅವಳು ಕಾರಿಡಾರಿನ ಕಿಟಕಿಗೆ ಓಡಿ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದಳು. ಹತ್ತೂ ಬೆರಳು. ಗೇಟಿನ ಬಳಿ ಅವನು ಒಮ್ಮೆ ತಿರುಗಿದ. ಗಾಜಿನ ಮೇಲೆ ಸಂಜೆಯ ಬಿಸಿಲು ಹೊಡೆಯುತ್ತಿತ್ತು. ಕಂಡಿತೋ ಇಲ್ಲವೋ, ಕೂಗಿ ಕೇಳುವಂತೆಯೂ ಇರಲಿಲ್ಲ.

ಬಟ್ಟೆ ಹಿಡಿದು ಬಂದ ಕ್ಲೀನಿಂಗ್ ಅಕ್ಕ ಗೊಣಗಿದಳು. "ಈಗಷ್ಟೇ ಒರೆಸಿದ್ದೆ ಡಾಕ್ಟ್ರೇ, ನೋಡಿ ಬೆರಳಚ್ಚು!"

"ಇದೊಂದು ಗಾಜು ಹಾಗೇ ಬಿಡಿ ಅಕ್ಕ. ಆಮೇಲೆ ಒರೆಸಿದ್ರಾಯ್ತು."

"ಆಮೇಲೆ ಅಂದ್ರೆ, ನಾಳೆನಾ?"

"ಅರವತ್ತು ದಿನ," ಎಂದಳು ಅವಳು. ಕೈ ಇನ್ನೂ ಗಾಜಿನ ಮೇಲೆಯೇ ಇತ್ತು.